ಬಚ್ಚಲ ಹಿಂದಿನ ಮಣ್ಣು

ವರದಾ ನದಿ ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುವಲ್ಲಿ ಒಂದು ನಡುಗಡ್ಡೆಯಿದೆ. ಬೆರಳೆಣಿಕೆಯ ಮನೆಗಳು. ಸವಣೂರಿಗೆ ಹೋಗಬೇಕೆಂದರೆ ಮಳೆಗಾಲದಲ್ಲಿ ತೆಪ್ಪ ಹತ್ತಬೇಕು, ಬೇಸಿಗೆಯಲ್ಲಿ ಮರಳು ತುಳಿಯಬೇಕು. ಅಲ್ಲಿ ಮನೆಮನೆಗೆ ನಳ ಹಾಕಿಸಿ, ಬಚ್ಚಲ ನೀರಿಗೆ ಇಂಗುಗುಂಡಿ ತೋಡಿಸುವ ಮೇಲ್ವಿಚಾರಕನಾಗಿ ಒಂದು ಬೇಸಿಗೆಯಿಡೀ ನಾನು ಶಿಗ್ಗಾಂವಿಯಿಂದ ಓಡಾಡಿದೆ.

ಶಿಗ್ಗಾಂವಿಯಲ್ಲಿ ನನಗಿದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಖೋಲಿ. ಬಂದೆಯಾ, ಉಂಡೆಯಾ ಎಂದು ಕೇಳುವವರಿಲ್ಲ. ಅದಕ್ಕೇ ಇರಬೇಕು, ನಡುಗಡ್ಡೆಯ ಕೊನೆಯ ಮನೆಯ ಅಕ್ಕ ದಿನಾ "ಕುಂತ್ರಿ ಸಾಹೇಬ್ರ, ಒಂದೀಟ ಚಾ ಕುಡೀರಿ" ಎಂದಾಗ ಜೀವಕ್ಕೆ ಹಿತವಾಗುತ್ತಿತ್ತು. ಗಂಡ ತೀರಿಕೊಂಡಿದ್ದ. ಕಾಯಿಪಲ್ಲೆ ಬೆಳೆದು ಸಂತೆಗೆ ಒಯ್ಯುತ್ತ ಒಬ್ಬಳೇ ಇದ್ದಳು. ಅವಳ ಚಹಾದಲ್ಲಿ ಸಕ್ಕರೆ ವಿಪರೀತ. ನಾನು ಒಂದು ದಿನವೂ ಬೇಡವೆನ್ನಲಿಲ್ಲ.

ತಕರಾರು ಬಂದದ್ದು ಗುಂಡಿಯ ಜಾಗಕ್ಕೆ. ಅವಳ ಮನೆಯ ಮುಂದೆಯೇ ಇಡೀ ನಡುಗಡ್ಡೆಗೆ ನೀರು ಕೊಡುವ ಬೋರ್. ಹೊಲಸು ನೀರು ಅದರ ಹತ್ತಿರ ಇಂಗಿದರೆ ಎಲ್ಲರೂ ಅದನ್ನೇ ಕುಡಿಯಬೇಕು, ಅಷ್ಟು ಸಣ್ಣ ನೆಲ. ಉಳಿದದ್ದು ಹಿತ್ತಲಲ್ಲಿ, ಬಚ್ಚಲ ಹಿಂದೆ, ಬಾಳೆಗಿಡದ ಮಗ್ಗುಲಿನ ಜಾಗ ಒಂದೇ.

"ಅಲ್ಲಿ ಅಗಸಬ್ಯಾಡ್ರಿ" ಎಂದಳು.

"ಯಾಕ ಅಕ್ಕಾ?"

"ಬ್ಯಾಡ ಅಂದ್ರ ಬ್ಯಾಡ್ರಿ. ಬೇಕಾರ ಬಚ್ಚಲ ನೀರು ಕೊಡದಾಗ ತುಂಬಿ ದೂರ ಒಯ್ದು ಚೆಲ್ತೇನಿ."

ಬಾಳೆಗಿಡದ ಆಸೆ ಎಂದುಕೊಂಡೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮಳೆ ಬೀಳುವ ಮೊದಲು ಗುಂಡಿಯ ಫೋಟೊ ಮೊಬೈಲಿನಲ್ಲಿ ಕಳಿಸದಿದ್ದರೆ ಮೇಲಿನವರು ಸುಮ್ಮನಿರುತ್ತಿರಲಿಲ್ಲ. ಅವಳು ಸವಣೂರು ಸಂತೆಗೆ ಹೋದ ದಿನ ನೋಡಿ ಗುದ್ದಲಿ ಹಾಕಿಸಿದೆ.

ಮಧ್ಯಾಹ್ನದ ಹೊತ್ತಿಗೆ ಮಾಸೂರಿನ ಹಿರಿಯ ಕೂಲಿಯವ ಕೈ ನಿಲ್ಲಿಸಿದ. ಮಣ್ಣಿನಲ್ಲೊಂದು ಸಣ್ಣ ಕುಡಿಕೆ. "ಸಾಹೇಬ್ರ, ಕೂಸಿನ ಮಾಸು ಹುಗದ ಕುಡಿಕಿ ಐತ್ರಿ ಇದು."

ಮಗು ಹುಟ್ಟಿದಾಗ ಹೊರಬಿದ್ದ ಮಾಸನ್ನು ಕುಡಿಕೆಯಲ್ಲಿಟ್ಟು ಬಚ್ಚಲ ಹಿಂದೆ ಹೂಳುತ್ತಾರೆ, ಬಾಣಂತಿಗೆ ಎರೆದ ನೀರು ಅದರ ಮೇಲೆ ಹರಿಯಬೇಕು. ನನ್ನದನ್ನೂ ಅವ್ವ ಎಲ್ಲೋ ಹೂಳಿಸಿರಬೇಕು, ಎಲ್ಲಿ ಎಂದು ಕೇಳಿರಲಿಲ್ಲ. ಅಗೆದಂತೆ ಇನ್ನೊಂದು ಸಿಕ್ಕಿತು, ಮತ್ತೊಂದು. ಮೂರು ಕುಡಿಕೆ. ಆ ಮನೆಯಲ್ಲಿ ಒಂದು ಮಗುವಿನ ಫೋಟೊ ಕೂಡ ನಾನು ನೋಡಿರಲಿಲ್ಲ.

"ಏನ್ ಮಾಡೂಣ್ರಿ?" ಎಂದ. ಮುಚ್ಚು ಎಂದಿದ್ದರೆ ಮುಚ್ಚುತ್ತಿದ್ದ.

"ಅಗೀರಿ" ಎಂದೆ. ಕುಡಿಕೆಗಳನ್ನು ಬಾಳೆಯ ಬುಡದಲ್ಲಿಟ್ಟೆ, ಇಷ್ಟಾದರೂ ಮಾಡಿದೆನಲ್ಲ ಎಂದು.

ಇಳಿಹೊತ್ತಿಗೆ ಬಂದಳು. ಖಾಲಿ ಬುಟ್ಟಿ ಕೆಳಗಿಟ್ಟು ಗುಂಡಿ ನೋಡಿದಳು. ಬೈಯುತ್ತಾಳೆಂದು ಕಾದೆ.

"ಎಷ್ಟ ಸಿಕ್ಕೂವ್ರಿ?"

"ಮೂರು."

"ನಾಕ ಇರಬೇಕ್ರಿ. ಒಂದೂ ಕೂಸು ಉಳೀಲಿಲ್ಲ, ಕುಡಿಕಿ ಅಷ್ಟ ಇದ್ದೂವು."

ಗುಂಡಿಗಿಳಿದು ಕೈಯಿಂದ ಕೆದಕಿದೆ. ಬೆಳಗಿನ ಮಣ್ಣನ್ನೆಲ್ಲ ಆಗಲೇ ಹೊಳೆದಂಡೆಯ ತಗ್ಗಿಗೆ ಸುರಿಸಿಬಿಟ್ಟಿದ್ದೆ. ಅಲ್ಲಿಗೂ ಓಡಿದೆ. ಹೊತ್ತು ಮುಳುಗುವವರೆಗೆ ಹುಡುಕಿದರೂ ಒಂದು ಚೂರೂ ಸಿಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನದಿಂದ ಚಹಾಕ್ಕೆ ಕರೆಯಲಿಲ್ಲ. ಬೋರಿನ ಕಟ್ಟೆಯ ಮೇಲೆ ಕುಳಿತು ಒಬ್ಬನೇ ಡಬ್ಬಿ ಬಿಚ್ಚುತ್ತಿದ್ದೆ. ಅವಳ ಒಲೆಯ ಹೊಗೆ ಕಾಣುತ್ತಿತ್ತು.

ನಳಕ್ಕೆ ನೀರು ಬಿಟ್ಟ ದಿನ ಹೆಂಗಸರೆಲ್ಲ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದರು. ಅವಳೂ ಹಚ್ಚಿದಳು. ಮೊದಲ ಕೊಡ ತುಂಬಿ ಒಳಗೆ ಒಯ್ಯಲಿಲ್ಲ. ಹಿತ್ತಲಿಗೆ ಹೊತ್ತುಕೊಂಡು ಹೋಗಿ ಗುಂಡಿಯ ಮೇಲೆ ನಿಧಾನವಾಗಿ ಸುರಿದಳು.

ನಾನು ಅವಳ ಬಾಗಿಲಲ್ಲಿ ನಿಂತಿದ್ದೆ. ಖಾಲಿ ಕೊಡ ಹಿಡಿದು ನನ್ನ ಪಕ್ಕದಿಂದಲೇ ಒಳಗೆ ಹೋದಳು. ಕುಂತ್ರಿ ಎನ್ನಲಿಲ್ಲ.