ಅಲೆಯಿಲ್ಲದ ಜಾಗ ಆರಿಸಿದ್ದು ನಾನೇ

ನನ್ನ ಗಂಡ ನಮ್ಮ ಕಡೆಗೇ ನಡೆದು ಬರುತ್ತಿದ್ದಾರೆ, ಆದರೆ ಹತ್ತಿರ ಬರುತ್ತಿಲ್ಲ...

ಸೊಂಟದ ಮಟ್ಟ ನೀರು, ಅಷ್ಟೇ. ಕಣ್ಣು ಮುಚ್ಚಿದರೆ ಈಗಲೂ ಅದೇ ಕಾಣುತ್ತೆ. ಬರೆದಾದರೂ ಹಗುರವಾಗೋಣ ಅಂತ ಕೂತಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಶ್ರೀಲಂಕಾಗೆ ಹೋಗಿದ್ದೆವು. ನಾನು, ನನ್ನ ಗಂಡ ರಂಗನಾಥ, ಮೂರನೇ ಕ್ಲಾಸಿನ ಮಗಳು ಪೂರ್ವಿ ಮತ್ತು ನಮ್ಮತ್ತೆ. ಗೋಕರ್ಣವನ್ನೇ ನೋಡದವರು ನೇರವಾಗಿ ಫಾರಿನ್ ಸಮುದ್ರಕ್ಕಾ ಅಂತ ನಮ್ಮಕ್ಕ ಆಡಿಕೊಂಡು ನಕ್ಕಿದ್ದಳು.

ಗಂಡ ವಳ್ಳೂರಿನ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ನಾನು ಮಧುಗಿರಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಯಾವ ಬೀಚಿಗೆ ಹೋಗಬೇಕು ಅಂತ ನೋಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿ, "ನೀನೇ ನೋಡು ಬುಡು, ನಂಗೇನ್ ಗೊತ್ತು" ಅಂದುಬಿಟ್ಟರು.

ನೋಡಿದೆ, ನೋಡಿದೆ... ಐಬ್ರೋ ಮಾಡಿಸಲು ಬಂದವರು ಚೇರಿನಲ್ಲಿ ಕಾಯುತ್ತಿದ್ದರೂ ನನ್ನ ಕೈಯಲ್ಲಿ ಬೀಚ್ ವಿಡಿಯೋ. ಆ ತಿಂಗಳಲ್ಲಿ ಪೂರ್ವ ತೀರ ಬೇಡ, ದಕ್ಷಿಣ ವಾಸಿ ಅನ್ನುತ್ತಾರೆ. ಸರಿ ಅಂದುಕೊಂಡರೆ ಕೆಳಗೆ ಕಮೆಂಟಿನಲ್ಲಿ ಯಾರೋ, ಮಕ್ಕಳಿದ್ದರೆ ಹುಷಾರು ಅಂತ ಬರೆದಿರುತ್ತಾರೆ. ಮತ್ತೆ ಮೊದಲಿನಿಂದ ಹುಡುಕೋದು.

ನನಗೆ ಈಜು ಬರಲ್ಲ, ನೀರು ಅಂದರೇ ಭಯ. ಗಂಡನದು ಉಲ್ಟಾ. ದೊಡ್ಡೇರಿಯಲ್ಲಿ ಅವರ ಸೋದರಮಾವನ ಹೊಲದ ಬಾವಿಗೆ ಮೇಲಿನಿಂದ ಧುಮುಕಿ ಕಲಿತವರು. "ಬಾವಿ ತಳ ಮುಟ್ಟಿ ಬಂದವ್ನು ಕಣೇ ನಾನು" ಅಂತ ಜಂಭ ಬೇರೆ. ಆ ಜಂಭ ಕಂಡರೆ ನನಗೆ ಇನ್ನೂ ಭಯ.

ಕೊನೆಗೆ ನಾನು ಹಾಕಿದ್ದು ಒಂದೇ ಲೆಕ್ಕ. ಅಲೆ ಇಲ್ಲದ ಕಡೆ ಸೇಫ್.

ಕೆರೆ, ಬಾವಿ ನೋಡಿ ಬೆಳೆದವರ ಲೆಕ್ಕ ಅದು. ಸುಮ್ಮನಿರುವ ನೀರು ಒಳ್ಳೆಯದು, ಹಾರಾಡುವ ನೀರು ಕೆಟ್ಟದ್ದು.

ಮೊದಲ ದಿನ ಬೆಳಗ್ಗೆ ಬೀಚಿನಲ್ಲಿ ನಿಂತು ನೋಡುತ್ತೇನೆ, ಎಡಕ್ಕೂ ಬಲಕ್ಕೂ ಬಿಳಿ ನೊರೆ ಎಬ್ಬಿಸಿಕೊಂಡು ಬರುವ ಅಲೆಗಳು. ಮಧ್ಯದಲ್ಲಿ ಮಾತ್ರ ರಸ್ತೆಯಷ್ಟು ಅಗಲದ ಜಾಗ, ಅಲೆಯೂ ಇಲ್ಲ, ನೊರೆಯೂ ಇಲ್ಲ. ಸದ್ಯ, ಬದುಕಿದೆ ಅನ್ನಿಸಿತು. ಇಲ್ಲೇ ಇಳಿಯಿರಿ ಅಂತ ಕೈ ತೋರಿಸಿದ್ದು ನಾನೇ.

"ನಮ್ಮ ಕೆರೆ ಇದ್ದಂಗೇ ಐತಲ್ಲೇ!" ಅಂತ ಗಂಡನಿಗೂ ಖುಷಿ.

ಆದರೆ ಬರಗೂರಿನ ನಮ್ಮತ್ತೆ ಬಿಡಬೇಕಲ್ಲ. ಹೊಸ ನೀರಿಗೆ ಇಳಿಯುವ ಮುಂಚೆ ಗಂಗಮ್ಮನಿಗೆ ಅರಿಶಿನ, ಕುಂಕುಮ, ಹೂವು ಬಿಡಲೇಬೇಕು. ಊರಲ್ಲಿ ಬೋರ್‌ವೆಲ್‌ನಲ್ಲಿ ನೀರು ಬಿದ್ದರೂ ಮಾಡುತ್ತಾರೆ, ಕೆರೆ ತುಂಬಿದರೂ ಮಾಡುತ್ತಾರೆ. ಅರಿಶಿನ ಕುಂಕುಮ ಬ್ಯಾಗಿನಲ್ಲಿ ಬಂದಿತ್ತು, ಹೂವನ್ನು ಅಲ್ಲಿನ ಬುದ್ಧನ ದೇವಸ್ಥಾನದ ಮುಂದೆ ಕೊಂಡಿದ್ದೆವು.

ನನಗೋ ನಾಚಿಕೆ. ಸುತ್ತ ವಿದೇಶಿಯರು ಟವೆಲ್ ಹಾಸಿಕೊಂಡು ಮಲಗಿದ್ದಾರೆ, ಇವರು ಸೆರಗು ಸಿಕ್ಕಿಸಿಕೊಂಡು ಪೂಜೆಗೆ ನಿಂತಿದ್ದಾರೆ. ಬೇಗ ಮುಗಿಸಿ ಅತ್ತೆ ಅಂತ ಗೊಣಗಿದೆ. ಅಜ್ಜಿಯ ಪೂಜೆ ಆಗಲಿ, ಆಮೇಲೆ ಇಳಿಯುವೆಯಂತೆ ಅಂತ ಪೂರ್ವಿಯ ಕೈ ಹಿಡಿದುಕೊಂಡೆ.

ಗಂಡ ಕಾಯಲಿಲ್ಲ. "ನೀನ್ ಪೂಜೆ ಮಾಡ್ಕೊಳವ್ವ" ಅಂತ ಇಳಿದೇ ಬಿಟ್ಟರು.

ಅತ್ತೆ ಬಿಟ್ಟ ಹೂವುಗಳು ಸ್ವಲ್ಪ ಹೊತ್ತು ಅಲ್ಲೇ ತೇಲಿದವು. ಆಮೇಲೆ ಸೀದಾ ಒಳಕ್ಕೆ ಹೊರಟವು. ಗಂಡನ ಪಕ್ಕದಲ್ಲೇ ದಾಟಿ, ಇನ್ನೂ ಮುಂದಕ್ಕೆ...

ಅತ್ತೆಗೆ ಸಮಾಧಾನವಿಲ್ಲ. ಒಂದು ಹೂವಾದರೂ ತಿರುಗಿ ಬಂದರೆ ಪ್ರಸಾದ ಅಂತ ಮೊಮ್ಮಗಳ ಮುಡಿಗೆ ಇಡಬೇಕಿತ್ತು. ಪಕ್ಕಕ್ಕೆ ಹೋಗಿ ಅಲೆ ಬರುವ ಕಡೆ ಇನ್ನೊಂದು ಹಿಡಿ ಬಿಟ್ಟರು. ಅವು ಅಲೆಯ ಜೊತೆಗೇ ವಾಪಸ್ಸು ಬಂದು ಅವರ ಪಾದಕ್ಕೆ ಅಂಟಿದವು.

ಅದೇ ಹೊತ್ತಿಗೆ ನಾನು ಗಂಡನ ಮುಖ ನೋಡಿದೆ. ನಗು ಇರಲಿಲ್ಲ.

ಹೆಜ್ಜೆ ಇಡುತ್ತಿದ್ದಾರೆ, ಕಾಲ ಕೆಳಗಿನ ಮರಳು ಜಾರುತ್ತಿದೆ. ಸೊಂಟದಲ್ಲಿದ್ದ ನೀರು ಎದೆಗೆ ಬಂತು. ಈಜಲು ನೋಡಿದರು. ಅಷ್ಟು ದೊಡ್ಡ ಈಜುಗಾರ, ಕೈ ಬೀಸುತ್ತಲೇ ಇದ್ದಾರೆ, ಇದ್ದಲ್ಲೇ ಇದ್ದಾರೆ.

ನೇರ ಬನ್ರೀ, ಅಲೆ ಕಡೆ ಹೋಗ್ಬೇಡ್ರೀ ಅಂತ ಕಿರುಚಿದೆ.

ನನಗಿಂತ ಜೋರಾಗಿ ಅತ್ತೆ ಕೂಗಿದರು. "ಲೇ ರಂಗಾ, ನೇರ ಬರ್ಬ್ಯಾಡ ಕಣ್ಲಾ! ಅಲೆ ಕಡೀಕೆ ಹೋಗು! ಅಲ್ಲಿ ಗಂಗಮ್ಮ ಹೂವ ವಾಪಸ್ ಕೊಡ್ತಾವ್ಳೆ!"

ಗಂಡ ನನ್ನನ್ನೂ ನೋಡಿದರು, ಅವ್ವನನ್ನೂ ನೋಡಿದರು. ಆ ಒಂದು ಗಳಿಗೆ ಇದೆಯಲ್ಲ... ಯಾರ ಮಾತು ಕೇಳಬೇಕು ಅಂತ ಯೋಚಿಸುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು.

ಅವ್ವನ ಮಾತು ಕೇಳಿದರು. ಅಡ್ಡಕ್ಕೆ ಈಜುತ್ತಾ ಅಲೆಗಳ ಕಡೆ ಹೋದರು. ಒಂದು ದೊಡ್ಡ ಅಲೆ ತಲೆ ಮೇಲೆ ಬಿತ್ತು. ಕಾಣಲಿಲ್ಲ. ನಾನು ಮಗಳನ್ನು ಅವುಚಿಕೊಂಡೆ.

ಮುಂದಿನ ಅಲೆ ಅವರನ್ನು ದಡದ ಕಡೆ ನೂಕಿತು, ಅದರ ಹಿಂದಿನದು ಇನ್ನಷ್ಟು. ಕೆಮ್ಮುತ್ತಾ, ಉಪ್ಪುನೀರು ಕಾರುತ್ತಾ ಅಂಬೆಗಾಲಲ್ಲಿ ಬಂದರು. ಅತ್ತೆ ಬೆನ್ನಿಗೆ ಎರಡು ಗುದ್ದಿ, "ಬಾವಿ ಈಜಂತೆ, ಬಾವಿ ಈಜು" ಅಂತ ಬೈಯುತ್ತಾ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಯಾವ ವಿದೇಶಿಯರು ನೋಡಿದರೋ, ಯಾರು ಬಿಟ್ಟರೋ.

ಅಲೆಯಲ್ಲಿ ದಡಕ್ಕೆ ಬಂದ ನೀರೆಲ್ಲ ವಾಪಸ್ಸು ಹೋಗುವ ದಾರಿ ಅದು, ಅದಕ್ಕೇ ಅಲ್ಲಿ ಅಲೆ ಒಡೆಯಲ್ಲ, ನೋಡಲು ಸುಮ್ಮನಿರುತ್ತೆ ಅಂತ ಆಮೇಲೆ ಹೋಟೆಲಿನವರು ಹೇಳಿದರು.

ಉಳಿದ ದಿನ ಅವರು ಹೇಳಿದ ಬೇರೆ ಬೀಚಿಗೆ ಹೋದೆವು, ಬಂಡೆಗಳು ಅಡ್ಡ ಇದ್ದು ಮಕ್ಕಳು ಆಡುವ ಜಾಗ. ಅಲ್ಲಿ ಮೊದಲು ಹೂವು ಬಿಟ್ಟವಳು ನಾನು. ತಿರುಗಿ ಬಂದ ಹೂವನ್ನು ಪೂರ್ವಿಯ ಜಡೆಗೆ ಸಿಕ್ಕಿಸಿದ ಮೇಲೇ ಅವಳ ಕೈ ಬಿಟ್ಟಿದ್ದು.

ಅವತ್ತು ಪೂಜೆ ಇಲ್ಲದೇ ಹೋಗಿದ್ದರೆ ಅವರಪ್ಪನ ಹಿಂದೆಯೇ ಆ ನೀರಿಗೆ ಇಳಿಯುತ್ತಿದ್ದವಳು ಅವಳು. ಇಳಿಸುತ್ತಿದ್ದವಳು ನಾನು.

ನಿಮ್ಮ ಮನೆಯಲ್ಲೂ ಹಿರಿಯರು ನೀರಿಗೆ ಹೂವು ಬಿಡುತ್ತಾರಲ್ಲ, ಆ ಹೂವು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ನಿಂತು ನೋಡಿದ್ದೀರಾ?