ಗುಮ್ಮಟದಣ್ಣ ಮತ್ತು ಮಂಕಾದ ನಕ್ಷತ್ರ

ಬೆಳಕು ಹರಿಯುತ್ತಿದೆ. ದೂರದರ್ಶಕದ ಗುಮ್ಮಟದ ಕಿಂಡಿ ಮುಚ್ಚಿ, ಗುಮ್ಮಟದಣ್ಣ ಕೈಯ ಗ್ರೀಸನ್ನು ಹಳೇ ಬನಿಯನ್ನಿಗೆ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಕಣ್ಣೆಲ್ಲ ಪಕ್ಕದ ಕೋಣೆಯ ಮೇಲೆ. ಅಲ್ಲಿ ವಿಜ್ಞಾನಿ ಮೇಡಂ ಕಂಪ್ಯೂಟರ್ ಮುಂದೆ ಕೂತಿದ್ದಾರೆ.

ನಕ್ಷತ್ರ ಸರಿದ ಹಾಗೆಲ್ಲ ಗುಮ್ಮಟದ ಕಿಂಡಿಯೂ ಅದರ ಬೆನ್ನಿಗೇ ಸರಿಯಬೇಕು. ಮೋಟಾರು ಕೈಕೊಟ್ಟು ಯಾವ ಕಾಲವಾಯಿತೋ! ಅಂದಿನಿಂದ ಅಷ್ಟು ದೊಡ್ಡ ಗುಮ್ಮಟವನ್ನು ತಿರುಗಿಸುವುದು ಇವರ ಹೆಗಲು. ಸ್ವಲ್ಪ ತಳ್ಳಬೇಕು, ನಿಲ್ಲಬೇಕು, ಮತ್ತೆ ತಳ್ಳಬೇಕು. ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಗುಮ್ಮಟದಣ್ಣ.

ಇವರು ತಳ್ಳಿದ ಒಂದು ರಾತ್ರಿಯೇ ಮೇಡಂಗೆ ಹೊಸ ಗ್ರಹದ ಸುಳಿವು ಸಿಕ್ಕಿದ್ದು. ನೆಪ್ಚೂನಿನಷ್ಟು ದೊಡ್ಡದು, ತನ್ನ ಸೂರ್ಯನಿಗೆ ಅಂಟಿಕೊಂಡ ಹಾಗೆ ಸುತ್ತುವಂಥದ್ದು. ಅದು ಅಡ್ಡ ಬಂದಾಗ ನಕ್ಷತ್ರ ಒಂಚೂರು ಮಂಕಾಗುತ್ತದೆ. ಕಂಡದ್ದು ಆ ಮಂಕು ಮಾತ್ರ. ಇವತ್ತು ಮೇಡಂ ಅದನ್ನು ಎಲ್ಲರಿಗೂ ಸಾರಲಿದ್ದಾರೆ.

ಗುಮ್ಮಟದಣ್ಣ ಹೆಂಡತಿಯ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದಾರೋ: "ಅವತ್ತು ಗೋಡೆಗೆ ಒರಗಿದವನಿಗೆ ಒಂದು ಗಳಿಗೆ ಕಣ್ಣು ಹತ್ತಿಬಿಡ್ತು. ಕಿಂಡಿ ಹಿಂದೆ ಉಳೀತು. ನಕ್ಷತ್ರ ಮಂಕಾಗಿದ್ದು ಗ್ರಹದಿಂದಲೋ, ನಮ್ಮ ಗುಮ್ಮಟದ ಅಂಚಿನಿಂದಲೋ?" ಹೆಂಡತಿಗೂ ಸಾಕಾಗಿದೆ: "ಹೇಳಿಬಿಡಿ ಅಂದ್ರೆ! ಕೆಲಸ ಹೋದ್ರೆ ಹೋಗ್ಲಿ. ಹಾಸಿಗೇಲೂ ಗೋಡೆ ತಳ್ತೀರಲ್ಲ, ನಾನೆಲ್ಲಿ ಮಲಗಲಿ?"

ಕೊನೆಗೂ ಬಾಗಿಲಲ್ಲಿ ನಿಂತು ಹೇಳಿಯೇಬಿಡುತ್ತಾರೆ. ಮೇಡಂ ಮುಖ ಬಿಳಿಚಿಕೊಳ್ಳುತ್ತದೆ. ಆ ರಾತ್ರಿಯ ಚಿತ್ರಗಳನ್ನು ಮತ್ತೆ ಒಂದೊಂದಾಗಿ ತೆರೆಯುತ್ತಾರೆ.

"ಅಣ್ಣಾ, ಇಲ್ಲಿ ಬನ್ನಿ. ಇದು ನಿಮ್ಮ ನಿದ್ದೆ. ನೋಡಿ, ಅಕ್ಕಪಕ್ಕದ ನಕ್ಷತ್ರಗಳೆಲ್ಲ ಒಟ್ಟಿಗೇ ಮಂಕಾಗಿವೆ. ಈ ಇನ್ನೊಂದು ಚಿತ್ರ ಅದಕ್ಕಿಂತ ಎಷ್ಟೋ ಮುಂಚಿನದು. ಇಲ್ಲಿ ನಮ್ಮದೊಂದೇ ಮಂಕಾಗಿದೆ, ಉಳಿದವೆಲ್ಲ ಹಾಗೇ ಇವೆ. ಆಗ ನೀವು ಎಚ್ಚರವಾಗೇ ಇದ್ರಿ. ಗ್ರಹ ಇದೆ ಅಣ್ಣಾ."

ಗುಮ್ಮಟದಣ್ಣ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ.

"ಆ ಗ್ರಹ ತನ್ನ ಸೂರ್ಯನ ಒಲೆಗೆ ಅಷ್ಟು ಹತ್ತಿರ ಕೂತಿದೆಯಂತೆ, ಪಾಪ. ನನ್ನ ನಿದ್ದೆಯಿಂದ ಅದು ಇಲ್ಲವೇ ಇಲ್ಲ ಅಂತಾಗಿಬಿಡುತ್ತೇನೋ ಅಂತ ಹೆದರಿದ್ದೆ," ಎನ್ನುತ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ, "ಮೇಡಂ, ಗುಮ್ಮಟದ ಗಾಲಿಗೆ ಒಳ್ಳೇ ಗ್ರೀಸ್ ಕೊಡಿಸಿ. ಅದು ಮತ್ತೆ ಅಡ್ಡ ಬರೋ ರಾತ್ರಿ ನಾನು ಗೋಡೆಗೆ ಒರಗೋದೇ ಇಲ್ಲ."