ಆನೆಗಿಂತ ಮೊದಲು ಎತ್ತಿದ ಬೆರಳು

ಗಾಲ್ಫ್ ಮೈದಾನಕ್ಕೆ ಜಿಂಕೆಯೊಂದು ನುಗ್ಗಿ, ಚೆಂಡನ್ನು ಮೂತಿಯಿಂದ ನೂಕಿ, ಬಿಳಿ ಟೋಪಿಯ ಅಷ್ಟೂ ಜನರನ್ನು ಸುಮ್ಮನೆ ನಿಲ್ಲಿಸಿದ ವಿಡಿಯೋ ಒಂದು ನಮ್ಮೂರಿನ ಫೋನುಗಳಲ್ಲೆಲ್ಲ ಓಡಾಡಿತ್ತು. ಅದರ ಕೆಳಗೆ ಯಾರೋ ನಿಯಮವನ್ನೂ ಬರೆದಿದ್ದರು: ಪ್ರಾಣಿ ಚೆಂಡನ್ನು ಸರಿಸಿದರೆ ಆಟಗಾರನಿಗೆ ದಂಡವಿಲ್ಲ, ಮೊದಲಿದ್ದ ಜಾಗದಲ್ಲೇ ಇಟ್ಟು ಹೊಡೆಯಬಹುದು. ಗಾಲ್ಫ್ ಬಗ್ಗೆ ನನಗೆ ಇವತ್ತಿಗೂ ಗೊತ್ತಿರುವುದು ಅಷ್ಟೇ. ಆದರೆ ಗೊತ್ತಿಲ್ಲದ ವಿಷಯದಲ್ಲಿ ಮಾತಾಡಲು ನನಗೆ ಯಾವತ್ತೂ ತೊಂದರೆಯಾದದ್ದಿಲ್ಲ. ತಮಿಳುನಾಡಿನ ಗಡಿಯೊಳಗಿರುವ ನಮ್ಮೂರು ತಿಗನಾರೆಯ ಕ್ರಿಕೆಟ್ಟಿಗೂ ಇಂಥದ್ದೊಂದು ಖಚಿತ ನಿಯಮ ಬೇಕೆಂದು ಅವತ್ತೇ ತೀರ್ಮಾನಿಸಿದೆ.

ನಾನು ಆಡುವವಳಲ್ಲ, ಅಂಪೈರು. ಸತ್ಯಮಂಗಲದಲ್ಲಿ ಕಾಲೇಜು ಓದುವಾಗ ಪಟ್ಟಿಮನ್ರಂನಲ್ಲಿ, ಅಂದರೆ ತಮಿಳರ ಚರ್ಚಾಕೂಟದಲ್ಲಿ, ಬಹುಮಾನದ ಮೇಲೆ ಬಹುಮಾನ ಹೊತ್ತು ತಂದಿದ್ದೆ. ಮನೆಯಲ್ಲಿ ದೇವರಿಗೆ ಎಣ್ಣೆ ಯಾಕೆ, ಸೋದರಮಾವ ಹೇಳಿದ್ದೇ ಯಾಕೆ ಸರಿ ಎಂದು ಕೇಳಿ ಕೇಳಿ ಎಲ್ಲರನ್ನೂ ದಣಿಸಿದ್ದೆ. ಆದ್ದರಿಂದ ವರ್ಷಕ್ಕೊಮ್ಮೆ ಪಕ್ಕದ ದೊಡ್ಡಗಾಜನೂರಿನವರ ಜೊತೆ ನಡೆಯುವ ಪಂದ್ಯಕ್ಕೆ ನನ್ನನ್ನೇ ನಿಲ್ಲಿಸುತ್ತಿದ್ದರು. ನನ್ನ ನ್ಯಾಯಬುದ್ಧಿಯನ್ನು ಮೆಚ್ಚಿಯೇ ಹೀಗೆ ಮಾಡುತ್ತಾರೆಂದು ಬಹಳ ದಿನ ನಂಬಿದ್ದೆ. ನಿಜವಾದ ಕಾರಣ, ನನ್ನ ಜೊತೆ ವಾದಕ್ಕಿಳಿದರೆ ಆಟ ಮುಗಿಯುವುದಿಲ್ಲ ಎಂಬುದು. ನಮ್ಮ ತಂಡದಲ್ಲಿ ನನ್ನ ಅಣ್ಣನೂ ಇದ್ದ. ಅದಕ್ಕೂ ಎದುರಾಳಿಗಳ ತಕರಾರಿರಲಿಲ್ಲ. ಹುಟ್ಟಿದಾಗಿನಿಂದ ನಾನು ಅವನ ಪರವಾಗಿ ಒಂದು ಮಾತೂ ಆಡಿದವಳಲ್ಲ ಎಂದು ಎರಡೂ ಊರಿಗೆ ಗೊತ್ತಿತ್ತು.

ಮೈದಾನ ಅಂದರೆ ರಾಗಿ ಕೊಯ್ದು ಖಾಲಿಬಿಟ್ಟ ಹೊಲ. ಒಂದು ಪಕ್ಕ ರಸ್ತೆ. ಇನ್ನೊಂದು ಪಕ್ಕ ಆನೆ ದಾಟದಿರಲೆಂದು ತೋಡಿದ ಕಂದಕ, ಅದರಾಚೆ ಲಂಟಾನ ಪೊದೆ, ಆಮೇಲೆ ಕಾಡು. ಕಂದಕ ಒಂದು ಕಡೆ ಕುಸಿದು ಒಳ್ಳೆಯ ಇಳಿಜಾರಾಗಿದೆ. ಆಟ ನಡೆಯುವಾಗ ದನ ಮೇಯಿಸುವವರೊಬ್ಬರು, ಊರಿಗೆಲ್ಲ ಮಾವ, ಕಂದಕದ ದಿಣ್ಣೆಯ ಮೇಲೆ ಕೂತಿರುತ್ತಾರೆ. ಅವರು "ದೊಡ್ಡದು" ಎಂದು ಕೂಗಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಆನೆಯ ಹೆಸರನ್ನು ಅವರು ಬಾಯಲ್ಲಿ ಎತ್ತುವುದಿಲ್ಲ. ಅವರು ಕೂಗಿದಾಗಿನ ಎಸೆತ ಲೆಕ್ಕಕ್ಕಿಲ್ಲ. ಎತ್ತ ಸರಿಯಬೇಕೆಂದು ಅವರು ಕೈ ತೋರಿಸಿದ ಮೇಲೆಯೇ ಕಾಲೆತ್ತುವುದು. ಅಪ್ಪಂದಿರ ಕಾಲದಿಂದಲೂ ಹೀಗೇ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದಿನ ವರ್ಷ ಮಾವ ಮೂರು ಸಲ ಕೂಗಿದ್ದರು, ಬಂದದ್ದು ಒಂದೇ ಸಲ. ಒಮ್ಮೆಯಂತೂ ನಮ್ಮವನೊಬ್ಬ ಕ್ಯಾಚು ಕೊಟ್ಟ ಗಳಿಗೆಯಲ್ಲೇ ಕೂಗಿ ಅವನನ್ನು ಉಳಿಸಿದ್ದರು. ಪಂದ್ಯಕ್ಕೆ ಮುಂಚೆ ಎರಡೂ ತಂಡವನ್ನು ಕೂರಿಸಿ ವಿಷಯ ಎತ್ತಿದೆ.

"ಮಾವ, ನೀವು ಕೂಗುವಾಗ ಅದನ್ನ ಕಣ್ಣಲ್ಲಿ ನೋಡಿರ್ತೀರಾ?"

"ನಾನ್ಯಾಕವ್ವ ನೋಡನ? ಅಸ ನೋಡ್ತವ. ಮೇಯದ ಬುಟ್ಟು ಎಲ್ಲಾ ಒಂದೇ ಕಡ ಕಿವಿ ನಿಗುರುಸ್ತವ. ನಾನು ಕೂಗ್ತೀನಿ."

"ಹಸುಗಳು ಬಂದು ಸಾಕ್ಷಿ ಹೇಳ್ತವಾ?"

"ಏಳ್ತವ ಕಣ್ ಕೂಸೇ. ನಿನ್ನಷ್ಟು ಉದ್ದುಕ್ಕ ಏಳಲ್ಲ, ಅಷ್ಟೇಯ."

ಎಲ್ಲರೂ ನಕ್ಕರು. ನಕ್ಕವರನ್ನು ಕಂಡರೆ ನನಗೆ ಇನ್ನೂ ಹುರುಪು. ಅರ್ಧ ಗಂಟೆ ಮಾತಾಡಿ ಹೊಸ ನಿಯಮ ಪಾಸು ಮಾಡಿಸಿದೆ: ಪ್ರಾಣಿಯನ್ನು ಅಂಪೈರು ಸ್ವಂತ ಕಣ್ಣಿನಿಂದ ಕಂಡರೆ ಮಾತ್ರ ಆಟ ನಿಲ್ಲುತ್ತದೆ, ಕಾಣದಿದ್ದರೆ ಚೆಂಡು ಜೀವಂತ. ಯಾರೂ ವಿರೋಧಿಸಲಿಲ್ಲ. ಬಿಸಿಲೇರುತ್ತಿತ್ತು, ಅವರಿಗೆ ಆಡಬೇಕಿತ್ತು.

ಅಣ್ಣನಿಗೆ ಅದು ಕೊನೆಯ ಪಂದ್ಯ. ಇನ್ನು ಬ್ಯಾಟು ಹಿಡಿಯುವುದಿಲ್ಲವೆಂದು ಅತ್ತಿಗೆಗೆ ಮಾತು ಕೊಟ್ಟಿದ್ದ. ಶಾಲೆಗೆ ಹೋಗುವಾಗಿನಿಂದ ಆಡಿದರೂ ಒಮ್ಮೆಯೂ ಐವತ್ತು ಹೊಡೆದವನಲ್ಲ. ನಲವತ್ತರ ಆಸುಪಾಸಿಗೆ ಬಂದಾಗಲೆಲ್ಲ ಏನಾದರೊಂದು ಆಗುತ್ತಿತ್ತು, ಆ ಏನಾದರೊಂದನ್ನು ಅವನು ಮನೆಯಲ್ಲಿ ತಿಂಗಳುಗಟ್ಟಲೆ ವಿವರಿಸುತ್ತಿದ್ದ. ಅವತ್ತು ಸಂಜೆ, ಮೂರು ಎಸೆತ ಉಳಿದಿದ್ದಾಗ, ನಲವತ್ತೊಂಬತ್ತರಲ್ಲಿದ್ದ. ಪಂದ್ಯ ಆಗಲೇ ಕೈತಪ್ಪಿತ್ತು, ಗೆಲ್ಲಲು ಮೂವತ್ತು ಚಿಲ್ಲರೆ ಬೇಕಿತ್ತು. ಎರಡೂ ತಂಡದವರು ಕಾಯುತ್ತಿದ್ದದ್ದು ಅವನ ಒಂದು ರನ್ನಿಗೆ.

ಚೆಂಡನ್ನು ಕಂದಕದ ಕಡೆಗೆ ತಳ್ಳಿ ನನ್ನತ್ತ ಓಡಿಬಂದ. ಅಲ್ಲಿದ್ದವನು ಎತ್ತಿ ಎಸೆದ. ಚೆಂಡು ಗಾಳಿಯಲ್ಲಿರುವಾಗಲೇ ದಿಣ್ಣೆಯಿಂದ ಕೂಗು ಬಂತು:

"ದೊಡ್ಡದು ಬತ್ತಾ ಅದ. ನಿಂತ್ಕಳಿ."

ಹನ್ನೊಂದೂ ಜನ ನಿಂತರು. ಅಣ್ಣನೂ ನಿಂತ, ಗೆರೆಯಿಂದ ನಾಲ್ಕು ಹೆಜ್ಜೆ ಆಚೆ, ಒಂದು ಕಾಲು ಮುಂದಿಟ್ಟುಕೊಂಡು. ಹುಟ್ಟಿದಾಗಿನಿಂದ ಕಲಿತ ಕಾಲು, ನನ್ನ ಅರ್ಧ ಗಂಟೆಯ ಭಾಷಣ ಅದನ್ನು ಮುಟ್ಟಿರಲಿಲ್ಲ. ಚೆಂಡು ನೇರವಾಗಿ ಬೌಲರನ ಕೈಗೆ ಬಂದು ಬಿತ್ತು. ಅವನೇ ದೊಡ್ಡಗಾಜನೂರಿನ ಕ್ಯಾಪ್ಟನ್ನು, ಹಾಲಿನ ವ್ಯಾನು ಓಡಿಸುವವನು. ಅಣ್ಣನನ್ನು ನೋಡಿದ, ನನ್ನನ್ನು ನೋಡಿದ, ಬಾಯಂಚಿನಲ್ಲಿ ನಗುತ್ತ ಚೆಂಡನ್ನು ಸ್ಟಂಪಿಗೆ ಮೆಲ್ಲಗೆ ಮುಟ್ಟಿಸಿದ.

"ನಿಮ್ ರೂಲ್ಸ್‌ನಲ್ಲಿ ಇದೇನಕ್ಕ? ಔಟಾ?"

ನಾನು ಪೊದೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದೆ. ಲಂಟಾನ ಬಿಟ್ಟರೆ ಏನೂ ಇಲ್ಲ. ಬೆರಳೆತ್ತಿದೆ. ಎತ್ತಿದ ಬೆರಳು ಇನ್ನೂ ಮೇಲಿರುವಾಗಲೇ ಪೊದೆ ಎರಡು ಭಾಗವಾಗಿ, ಕುಸಿದ ಕಂದಕದ ಇಳಿಜಾರಿನಲ್ಲಿ ಒಂಟಿ ಆನೆಯೊಂದು ಇಳಿದು ಹತ್ತಿ ಹೊಲಕ್ಕೆ ಬಂತು.

ಮಾವ ರಸ್ತೆಯ ಕಡೆ ಕೈ ತೋರಿಸಿದರು. ಎಲ್ಲರೂ ಸದ್ದಿಲ್ಲದೆ ನಡೆದು ರಸ್ತೆಯ ಮೋರಿಯ ಆಚೆ ಸೇರಿದೆವು. ಬೆರಳನ್ನು ಯಾವಾಗ ಇಳಿಸಿದೆನೋ ನೆನಪಿಲ್ಲ. ಆನೆ ಹೊಲದ ನಡುವೆ ನಿಂತು ಮೈಮೇಲೆ ಮಣ್ಣು ಎರಚಿಕೊಂಡಿತು, ಒಂದು ಸ್ಟಂಪನ್ನು ಮೂಸಿ ಬಿಟ್ಟಿತು, ಬಂದ ದಾರಿಯಲ್ಲೇ ವಾಪಸಾಯಿತು. ಕಾಲು ಗಂಟೆಯೂ ಆಗಿರಲಿಲ್ಲ. ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು, ಮೂರು ಎಸೆತಕ್ಕೆ ಧಾರಾಳ ಸಾಕಾಗುತ್ತಿತ್ತು.

"ಅಕ್ಕ, ವಾಪಸ್ ತಕ್ಕಬುಡಿ," ಎಂದ ಬೌಲರು. "ನಾನು ತಮಾಸಿಗ ಮುಟ್ಟುದ್ದು. ಅಣ್ಣ ಬಂದು ಆಡ್ಲಿ."

ಅದಕ್ಕೆ 'ಆಗಲಿ' ಅನ್ನುವ ಒಂದು ಮಾತು ಸಾಕಿತ್ತು. ಆದರೆ ಪಟ್ಟಿಮನ್ರಂನಲ್ಲಿ ತೀರ್ಪು ಕೊಡುವ ನಡುವರ್ ಹಾಗೆಲ್ಲ ಒಂದು ಮಾತಿನಲ್ಲಿ ಮುಗಿಸುವುದಿಲ್ಲ. ಮೊದಲು ಒಂದು ಪಕ್ಷವನ್ನು ಮೆಚ್ಚಬೇಕು, ಆಮೇಲೆ ಇನ್ನೊಂದನ್ನು, ನಡುವೆ ಸಭೆಯನ್ನು ನಗಿಸಬೇಕು, ಕೊನೆಗೆ ತೀರ್ಪು. ನಾನು ಮೋರಿಯ ಕಟ್ಟೆ ಹತ್ತಿದೆ. ಬೆರಳೆತ್ತಿದ ಕ್ಷಣದಲ್ಲಿ ಲಭ್ಯವಿದ್ದ ಸಾಕ್ಷ್ಯ ಏನು ಎಂದು ಶುರು ಮಾಡಿದೆ. ಆನೆ ಆಮೇಲೆ ಬಂದದ್ದರಿಂದ ಮೊದಲಿನ ತೀರ್ಪು ತಪ್ಪಾಗುವುದೇ ಎಂದು ಕೇಳಿ, ಆಗುವುದಿಲ್ಲ ಎಂದು ನಾನೇ ಉತ್ತರಿಸಿದೆ.

"ಕೂಸೇ, ಒತ್ತು ಓಯ್ತಾ ಅದ," ಎಂದರು ಮಾವ, ಇಳಿಯುತ್ತಿದ್ದ ಬಿಸಿಲು ತೋರಿಸಿ.

"ಒಂದು ನಿಮಿಷ ಮಾವ, ಇನ್ನೊಂದು ಪಕ್ಷಕ್ಕೆ ಬರ್ತಾ ಇದೀನಿ."

ಬಂದೆ ಕೂಡ. ಗಾಲ್ಫಿನ ಜಿಂಕೆಯನ್ನೂ ಎಳೆದುತಂದೆ. ಕಿವಿ ನಿಗುರಿಸುವ ಹಸುವನ್ನು ಸಾಕ್ಷಿಯೆಂದು ಒಪ್ಪಬಹುದು, ಯಾಕೆಂದರೆ ಅದಕ್ಕೆ ಯಾವ ತಂಡವೂ ಇಲ್ಲ ಎಂದೆ. ಅದು ಒಳ್ಳೆಯ ಸಾಲೆಂದು ಈಗಲೂ ಅನ್ನಿಸುತ್ತದೆ. ಕೊನೆಗೆ ಕೈ ಚಾಚಿ ಘೋಷಿಸಿದೆ: "ನಾಟೌಟ್."

ಚಪ್ಪಾಳೆ ಬರಲಿಲ್ಲ. ದನ ಆಗಲೇ ಊರ ಕಡೆ ತಿರುಗಿದ್ದವು. ದನ ತಿರುಗಿದ ಮೇಲೆ ಆ ಹೊಲದಲ್ಲಿ ಮನುಷ್ಯರು ನಿಲ್ಲುವಂತಿಲ್ಲ, ಅದಕ್ಕೆ ಯಾರ ತಿದ್ದುಪಡಿಯೂ ನಡೆಯುವುದಿಲ್ಲ. ಬೌಲರು ಸ್ಟಂಪುಗಳನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ವ್ಯಾನಿನ ಕಡೆ ಹೊರಟಿದ್ದ. ಅಣ್ಣ ಮಾತ್ರ ಪ್ಯಾಡು ಬಿಚ್ಚದೆ ಕಟ್ಟೆಯ ಕೆಳಗೆ ಕೂತು ನನ್ನ ಭಾಷಣವನ್ನು ಪೂರ್ತಿ ಕೇಳಿದ್ದ.

"ನಾಟೌಟ್ ಕಣಣ್ಣ," ಎಂದೆ.

"ಗೊತ್ತಾಯ್ತು ಕಣಮ್ಮಿ. ಅದ ಏಳಕ ಇಷ್ಟೊತ್ತು ಬೇಕಾಯ್ತ?"

ಕಟ್ಟೆಯಿಂದ ಇಳಿದೆ. ಸ್ಕೋರು ಪುಸ್ತಕ ನನ್ನ ಕೈಯಲ್ಲೇ ಇತ್ತು. ಆ ಒಂದು ರನ್ನು ಹೇಗೂ ಆಗುತ್ತಿತ್ತು, ನಾಲ್ಕು ಹೆಜ್ಜೆ ತಾನೇ, ಐವತ್ತು ಎಂದೇ ಬರೆದುಬಿಡುತ್ತೇನೆ ಎಂದೆ. ಜೀವನದಲ್ಲಿ ಮೊದಲ ಬಾರಿ ಅವನ ಪರವಾಗಿ ಮಾತಾಡುತ್ತಿದ್ದೆ, ಅದೂ ಸಾಕ್ಷ್ಯವಿಲ್ಲದೆ.

"ಓಡ್ದೇ ಇರಾದ್ನ ಬರೀಬ್ಯಾಡ," ಎಂದು ಅವನು ಪ್ಯಾಡು ಬಿಚ್ಚತೊಡಗಿದ. ಎರಡನೆಯದನ್ನು ಬಿಚ್ಚುವಾಗ ಕೈ ನಿಲ್ಲಿಸಿ, "ಮುಂದ್ಲೊರ್ಸವೂ ಆಡ್ತೀನಿ. ನಿಮ್ಮತ್ತಿಗಗ ನೀನೇ ಏಳು," ಎಂದ.

ಮನೆ ತಲುಪುವವರೆಗೂ ದಾರಿಯುದ್ದಕ್ಕೂ ವಾದ ಜೋಡಿಸಿದೆ. ಅತ್ತಿಗೆ ಹಿತ್ತಿಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಮುಂದೆ ಹೋಗಿ ನಿಂತೆ. ಜೋಡಿಸಿದ್ದು ಒಂದೂ ಬಾಯಿಗೆ ಬರಲಿಲ್ಲ.

"ಅಣ್ಣ ಇನ್ನೊಂದು ವರ್ಷ ಆಡ್ತಾನೆ ಅತ್ತಿಗೆ. ತಪ್ಪು ನಂದು."

ಅತ್ತಿಗೆ ಕೈಯಲ್ಲಿದ್ದ ಕಾಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದರು. ಭಾಷಣದ ಉಳಿದ ಭಾಗಕ್ಕೆ ಕಾಯುತ್ತಿದ್ದರು.

"ಆಮೇಲ?" ಎಂದರು.